ಅಂಜುವ ಜೀವಕ್ಕೆ ಅಂಗೈಯ ಅಭಯ

ಪ್ರಾಣಿಗಳನ್ನು ಪಳಗಿಸುವ ವಿದ್ಯೆ ನಮ್ಮ ಒಕ್ಕಲು ಮನೆತನಗಳಿಗೆ ಹೊಸದೇನೂ ಅಲ್ಲ. ಜಾತ್ರೆಯಿಂದ ಹೊಸ ಹೋರಿಯನ್ನು ಕೊಂಡು ತಂದ ರೈತನು ಅದನ್ನು ಅಂದೇ ನೊಗಕ್ಕೆ ಹೂಡುವುದಿಲ್ಲ. ಮೊದಲು ಅದಕ್ಕೆ ಹೊಸ ಕೊಟ್ಟಿಗೆಯ ಗುರುತು ಸಿಗಬೇಕು. ಮೇವು ಹಾಕುವವರ ಧ್ವನಿ ಕಿವಿಗೆ ಒಗ್ಗಬೇಕು. ನಾಲ್ಕಾರು ದಿನ ಹಿಂಡಿಯನ್ನೋ ಬೆಲ್ಲದ ಚೂರನ್ನೋ ಅಂಗೈಯಲ್ಲಿಟ್ಟು ತಿನ್ನಿಸಿ, ಗಂಗೆದೊಗಲನ್ನು ಸವರಿ, ಮೈದಡವಿ, ತನ್ನ ಕೈಯಿಂದ ಕೇಡಿಲ್ಲವೆಂಬ ನಂಬಿಕೆಯನ್ನು ಅದರಲ್ಲಿ ಹುಟ್ಟಿಸಿದ ಮೇಲೆಯೇ ಮುಂದಿನ ಮಾತು. ಆ ಹಿರಿಯರು ಇದಕ್ಕಾಗಿ ಯಾವ ಗ್ರಂಥವನ್ನೂ ಓದಿದವರಲ್ಲ. ಹೆದರಿದ ಪ್ರಾಣಿಯಿಂದ ಕೆಲಸವೂ ಆಗದು, ಸ್ನೇಹವೂ ದೊರೆಯದು ಎಂಬುದನ್ನು ಅನುಭವದಿಂದ ಬಲ್ಲವರಾಗಿದ್ದರು.

ಇಂದು ನಗರಗಳಲ್ಲಿ ವಾಸಿಸುವ ಕುಟುಂಬಗಳಿಗೆ ಕೊಟ್ಟಿಗೆಯೂ ಇಲ್ಲ, ಹಿತ್ತಲೂ ಇಲ್ಲ. ಎರಡು ಕೋಣೆಗಳ ಮನೆಯಲ್ಲಿ ಆಕಳನ್ನು ಕಟ್ಟಲಾಗದು; ನಾಯಿಯನ್ನು ಸಾಕಲು ಎಷ್ಟೋ ಕಡೆ ನೆರೆಹೊರೆಯವರ ಸಮ್ಮತಿಯಿಲ್ಲ. ಆದರೆ ಒಂದು ಜೀವವನ್ನು ತನ್ನದೆಂದು ಪ್ರೀತಿಸಬೇಕೆಂಬ ಮಕ್ಕಳ ಹಂಬಲ ಮಾತ್ರ ಹಾಗೆಯೇ ಉಳಿದಿದೆ. ಆ ಹಂಬಲಕ್ಕೆ ಉತ್ತರವಾಗಿ ಈಚಿನ ವರ್ಷಗಳಲ್ಲಿ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿ ಬೆಂಗಳೂರಿನಂಥ ನಗರಗಳ ಮನೆಗಳನ್ನು ಪ್ರವೇಶಿಸಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳಿಗಂತೂ ಇದರ ಹೆಸರು ಚಿರಪರಿಚಿತ.

ಇಲಿಯ ದೂರದ ಬಂಧುವಾದ ಈ ಪ್ರಾಣಿಗೆ ಮೋಟು ಬಾಲ, ಹೊಂಬಣ್ಣದ ಬೆನ್ನು, ಬೆಳ್ಳನೆಯ ಹೊಟ್ಟೆ, ಕಪ್ಪು ಮಣಿಗಳಂಥ ಕಣ್ಣುಗಳು. ಉದ್ದ ಒಂದು ಗೇಣಿಗೂ ಕಡಿಮೆ. ತೂಕ ಸುಮಾರು ೧೦೦ರಿಂದ ೧೫೦ ಗ್ರಾಂ. ಎರಡೂ ಕೆನ್ನೆಗಳೊಳಗೆ ಚೀಲಗಳಿದ್ದು, ಸಿಕ್ಕ ಕಾಳನ್ನೆಲ್ಲ ಅಲ್ಲಿ ತುಂಬಿಕೊಂಡು ಗೂಡಿಗೆ ಸಾಗಿಸುತ್ತದೆ. ಕೂಡಿಡುವುದು ಎಂಬ ಅರ್ಥದ ಒಂದು ಕ್ರಿಯಾಪದವೇ ಜರ್ಮನ್ ಭಾಷೆಯಲ್ಲಿ ಈ ಪ್ರಾಣಿಯ ಹೆಸರಿನಿಂದ ಹುಟ್ಟಿಕೊಂಡಿದೆ.

ಇದನ್ನು ತಂದ ಮನೆಗಳಲ್ಲಿ ಅನೇಕ ವೇಳೆ ನಡೆಯುವುದು ಹೀಗೆ. ಮಗುವಿನ ಹುಟ್ಟುಹಬ್ಬಕ್ಕೆಂದು ಪ್ರಾಣಿ ಬರುತ್ತದೆ. ಅಂದೇ ನೆರೆಮನೆಯ ಮಕ್ಕಳೆಲ್ಲ ಸೇರಿ ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಮರುದಿನ ಮಗು ಪಂಜರದೊಳಗೆ ಕೈಯಿಟ್ಟರೆ ಅದು ಮೂಲೆಗೆ ಓಡುತ್ತದೆ. ಮೂರನೆಯ ದಿನ ಬೆರಳನ್ನು ಕಚ್ಚುತ್ತದೆ. ರಕ್ತ ಕಂಡ ಮಗು ಅಳುತ್ತದೆ. "ಇದು ಕೆಟ್ಟ ಪ್ರಾಣಿ, ಅಂಗಡಿಗೇ ಹಿಂದಿರುಗಿಸೋಣ" ಎನ್ನುತ್ತಾರೆ ತಂದೆ. "ಪಾಪ, ಯಾವುದಾದರೂ ತೋಟದಲ್ಲಿ ಬಿಟ್ಟುಬಿಡಿ" ಎನ್ನುತ್ತಾರೆ ಅಜ್ಜಿ. ಕೊನೆಗೆ ಎರಡೂ ಆಗದೆ ಪಂಜರವು ಬಾಲ್ಕನಿಯ ಮೂಲೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಾಳು ನೀರು ಹಾಕುವುದು ತಾಯಿಯ ಪಾಲಿಗೆ ಬಂದ ಇನ್ನೊಂದು ಮನೆಗೆಲಸ.

ಈ ಮೂರರಲ್ಲಿ ಯಾವುದೂ ನ್ಯಾಯವಲ್ಲ. ಕಚ್ಚುತ್ತದೆಂಬ ಹಣೆಪಟ್ಟಿ ಹೊತ್ತು ಅಂಗಡಿಗೆ ಮರಳಿದ ಪ್ರಾಣಿಯನ್ನು ಬೇರೆಯವರು ಒಯ್ಯುವುದು ಕಷ್ಟ. ತೋಟದಲ್ಲಿ ಬಿಡುವುದು ದಯೆಯಂತೆ ತೋರಿದರೂ ದಯೆಯಲ್ಲ. ಈ ನಾಡಿನದಲ್ಲದ, ಪಂಜರದಲ್ಲೇ ಹುಟ್ಟಿ ಬೆಳೆದ ಪ್ರಾಣಿ ಬೆಕ್ಕಿಗೋ ಕಾಗೆಗೋ ತುತ್ತಾಗುವುದು ಬಹುಮಟ್ಟಿಗೆ ಖಚಿತ. ಇನ್ನು ಬಾಲ್ಕನಿಯ ಮೂಲೆ. ಹ್ಯಾಮ್‌ಸ್ಟರಿನ ಆಯುಷ್ಯವೇ ಎರಡು ವರ್ಷ, ಹೆಚ್ಚೆಂದರೆ ಮೂರು. ನಮಗೆ ಎರಡು ತಿಂಗಳ ಉದಾಸೀನವೆನಿಸುವುದು ಅದರ ಬಾಳಿನ ಹನ್ನೆರಡರಲ್ಲಿ ಒಂದು ಪಾಲು. ೭೨ ವರ್ಷ ಬಾಳುವ ಮನುಷ್ಯನು ೬ ವರ್ಷಗಳನ್ನು ಭಯದಲ್ಲಿ ಕಳೆದಂತೆ ಅದು.

ಕಚ್ಚುವುದು ಆ ಪ್ರಾಣಿಯ ದುಷ್ಟತನವಲ್ಲ, ಅದರ ಭಯದ ಭಾಷೆ ಎಂಬುದೊಂದನ್ನು ಮನೆಯವರು ಅರಿತರೆ ಸಾಕು, ಉಳಿದ ದಾರಿ ತಾನಾಗಿ ತೆರೆಯುತ್ತದೆ. ಆ ದಾರಿಯನ್ನು ಕುರಿತು ಈ ಸಲ ವಿಚಾರಿಸೋಣ.

ಭಯದ ಮೂಲ

ಪ್ರಾಣಿಯ ಭಯವನ್ನು ತಿಳಿಯಬೇಕಾದರೆ ಅದರ ತವರನ್ನು ತಿಳಿಯಬೇಕು. ಸಾಕುವ ಹ್ಯಾಮ್‌ಸ್ಟರುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಸಿರಿಯಾ ದೇಶದ ಹೊಂಬಣ್ಣದ ಜಾತಿ. ೧೮೩೯ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ವಾಟರ್‌ಹೌಸ್ ಅವರು ಇದನ್ನು ಮೊದಲಿಗೆ ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟರು. ಅದಾಗಿ ಬಹುಕಾಲ ಜಗತ್ತು ಇದನ್ನು ಹೆಚ್ಚಾಗಿ ಅರಿಯಲಿಲ್ಲ. ೧೯೩೦ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರು ಅಲೆಪ್ಪೊ ನಗರದ ಸಮೀಪದ ಹೊಲವೊಂದರಲ್ಲಿ ಬಿಲವನ್ನು ಅಗೆಯಿಸಿ ಒಂದು ತಾಯಿಯನ್ನೂ ಅದರ ೧೧ ಮರಿಗಳನ್ನೂ ಹಿಡಿದರು. ಅದೇ ವಿಶ್ವವಿದ್ಯಾಲಯದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಲೀಷ್ಮೇನಿಯಾಸಿಸ್ ರೋಗದ ಸಂಶೋಧನೆಗಾಗಿ ಇಂಥ ಪ್ರಾಣಿ ಬೇಕಾಗಿದ್ದಿತು. ನಮ್ಮ ಬಿಹಾರ, ಬಂಗಾಳಗಳನ್ನು ಬಹುಕಾಲ ಕಾಡಿದ ಕಾಲಾ ಅಜಾರ್ ಆ ರೋಗದ್ದೇ ಒಂದು ಬಗೆ.

ಅಂದು ನಡೆದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಬಿಲದಿಂದ ಹೊರತೆಗೆದು ಪೆಟ್ಟಿಗೆಯಲ್ಲಿಟ್ಟ ಬಳಿಕ ಆ ತಾಯಿಯು ತನ್ನ ಬಳಿಗೆ ಬಂದ ಮರಿಯೊಂದನ್ನು ತಾನೇ ಕಚ್ಚಿ ಕೊಂದಿತು. ಉಳಿದ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಅಹರೋನಿ ದಂಪತಿಗಳು ತಮ್ಮ ಕೈಯಾರೆ ಸಾಕಬೇಕಾಯಿತು. ಮರಿಗಳನ್ನು ಪ್ರಾಣವನ್ನೇ ಪಣವಾಗಿಟ್ಟು ಕಾಯಬೇಕಾದ ತಾಯಿ ಅವುಗಳಲ್ಲೊಂದನ್ನು ಕೊಲ್ಲುವಂತಾದುದು ಕ್ರೌರ್ಯದಿಂದಲ್ಲ. ಗೂಡು ಬಯಲಾಗಿ, ಅಪರಿಚಿತ ಕೈಗಳ ನಡುವೆ ಸಿಕ್ಕಿ, ಭಯವು ಅದರ ಸಹಜಗುಣವನ್ನೇ ಮೀರಿದ್ದರಿಂದ. ಅದರ ಸಂತತಿಯೇ ಇಂದು ನಮ್ಮ ಮಕ್ಕಳ ಕೈಯಲ್ಲಿರುವುದು.

ಉಳಿದ ಮರಿಗಳಲ್ಲಿಯೂ ಕೆಲವು ತಪ್ಪಿಸಿಕೊಂಡು ಹೋದವು. ಬೆರಳೆಣಿಕೆಯಷ್ಟು ಉಳಿದು, ಪ್ರಯೋಗಾಲಯದಲ್ಲಿ ಮರಿಮಾಡಿ, ೧೯೩೧ರಲ್ಲಿ ಇಂಗ್ಲೆಂಡನ್ನೂ ೧೯೩೮ರಲ್ಲಿ ಅಮೆರಿಕವನ್ನೂ ಸೇರಿದವು. ಇಂದು ಮನೆಗಳಲ್ಲಿರುವ ಸಿರಿಯಾದ ಹ್ಯಾಮ್‌ಸ್ಟರುಗಳಲ್ಲಿ ಬಹುತೇಕ ಎಲ್ಲವೂ ಆ ಒಂದೇ ತಾಯಿಯ ಸಂತಾನ. ತವರಿನಲ್ಲಿ ಉಳಿದ ಕಾಡು ಹ್ಯಾಮ್‌ಸ್ಟರುಗಳಾದರೋ ಈಗ ಅಳಿವಿನ ಅಂಚಿಗೆ ಬಂದಿವೆ. ನಾಯಿಯು ಮನುಷ್ಯನ ಜೊತೆಗೆ ಸಾವಿರಾರು ವರ್ಷ ಬಾಳಿದೆ. ಹ್ಯಾಮ್‌ಸ್ಟರ್ ನಮ್ಮ ಕೈ ಸೇರಿ ಇನ್ನೂ ನೂರು ವರ್ಷವೂ ಆಗಿಲ್ಲ. ನಾಯಿಯ ನಂಬಿಕೆಯನ್ನು ಅದರಿಂದ ಮೊದಲ ದಿನವೇ ಬಯಸುವುದು ಹೇಗೆ?

ನಮ್ಮ ಕೈ ಅದಕ್ಕೆ ಹೇಗೆ ಕಾಣುತ್ತದೆ?

ಹ್ಯಾಮ್‌ಸ್ಟರ್ ಸಂಜೆ ಮತ್ತು ರಾತ್ರಿಗಳಲ್ಲಿ ಓಡಾಡುವ ಪ್ರಾಣಿ. ಹಗಲು ಅದಕ್ಕೆ ನಿದ್ರೆಯ ಹೊತ್ತು. ದೃಷ್ಟಿ ಮಂದ. ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆ, ಕೆಳಗಿನ ನೆಲ ಎಷ್ಟು ಆಳದಲ್ಲಿದೆ ಎಂಬುದು ಅದಕ್ಕೆ ಸರಿಯಾಗಿ ತಿಳಿಯದು. ಮೇಜಿನ ಅಂಚಿನಿಂದ ನಿಸ್ಸಂಕೋಚವಾಗಿ ಹೆಜ್ಜೆಯಿಟ್ಟು ಬೀಳುವುದು ಇದರಿಂದಲೇ. ಕಣ್ಣಿನ ಕೊರತೆಯನ್ನು ಮೂಗು ಕಿವಿಗಳು ತುಂಬಿಕೊಡುತ್ತವೆ. ವಾಸನೆಯಿಂದಲೇ ಅದು ತನ್ನ ಮನೆ, ತನ್ನ ಆಹಾರ, ತನ್ನವರು, ಪರಕೀಯರು ಎಂಬುದನ್ನು ಗುರುತಿಸುತ್ತದೆ. ನಮ್ಮ ಕಿವಿಗೆ ನಿಲುಕದ ಸೂಕ್ಷ್ಮ ಧ್ವನಿಗಳೂ ಅದಕ್ಕೆ ಕೇಳಿಸುತ್ತವೆ.

ಇಂಥ ಪ್ರಾಣಿ ನಿದ್ರೆಯಲ್ಲಿರುವಾಗ ಪಂಜರದ ಮೇಲಿನ ಬಾಗಿಲು ಸದ್ದು ಮಾಡುತ್ತ ತೆರೆಯುತ್ತದೆ. ಆಕಾಶದಿಂದಿಳಿದಂತೆ ಒಂದು ದೊಡ್ಡ ನೆರಳು ಅದರ ಮೈಮೇಲೆ ಬೀಳುತ್ತದೆ. ಐದು ಬೆರಳುಗಳು ಬೆನ್ನನ್ನು ಹಿಡಿಯುತ್ತವೆ. ಬಯಲಿನಲ್ಲಿ ಅದರ ಪೂರ್ವಜರ ಮೇಲೆ ಗಿಡುಗ, ಗೂಬೆಗಳು ಎರಗುತ್ತಿದ್ದುದು ಹೀಗೆಯೇ. ಮಗುವಿನ ಮನಸ್ಸಿನಲ್ಲಿರುವುದು ಪ್ರೀತಿ. ಪ್ರಾಣಿಗೆ ತಿಳಿಯುವುದು ಉಗುರು. ಮಗುವಿನ ಪ್ರೀತಿಯನ್ನು ಆ ಪ್ರಾಣಿಗೆ ತಿಳಿಯುವ ರೀತಿಯಲ್ಲಿ ಹೇಳಿಕೊಡುವುದೇ ಪಳಗಿಸುವಿಕೆಯ ಸಾರ.

ಅದರ ಮೈಯ ಮಾತನ್ನೂ ನಾವು ಓದಬೇಕು. ಕಿವಿಗಳನ್ನು ಹಿಂದಕ್ಕೆ ಮಡಿಚಿ ನೆಲಕ್ಕೆ ಅಂಟಿಕೊಂಡರೆ, ಕಲ್ಲಿನಂತೆ ಅಲುಗಾಡದೆ ನಿಂತರೆ, ಹಲ್ಲು ಕಟಕಟಿಸಿದರೆ, ಹಿಂಗಾಲ ಮೇಲೆ ನಿಂತು ಬಾಯಿ ತೆರೆದರೆ, ಕಿರುಚಿ ಬೆನ್ನಡಿಯಾಗಿ ಉರುಳಿದರೆ ಅದು ಹೆದರಿದೆಯೆಂದೇ ತಿಳಿಯಬೇಕು. ಆಗ ಕೈಯನ್ನು ಮೆಲ್ಲನೆ ಹಿಂದೆಗೆಯುವುದೇ ಕರ್ತವ್ಯ. ನಮ್ಮೆದುರಿಗೇ ಮುಖ ತೊಳೆದುಕೊಂಡರೆ, ಮೈಮುರಿದರೆ, ಕಾಳನ್ನು ಓಡಿಹೋಗಿ ಅಡಗಿಸದೆ ಅಲ್ಲೇ ಕುಳಿತು ತಿಂದರೆ ಅದರ ಮನಸ್ಸು ನೆಮ್ಮದಿಯಾಗಿದೆ ಎಂದರ್ಥ.

ಮುಟ್ಟುವ ಮೊದಲು ಮಾಡಬೇಕಾದುದು

ಮನೆಯೇ ಹೆದರಿಸುವಂತಿದ್ದರೆ ಕೈಯೊಂದು ಧೈರ್ಯ ತುಂಬಲಾರದು. ಆದ್ದರಿಂದ ಮೊದಲು ಪಂಜರವಿಡುವ ಜಾಗವನ್ನು ಗಮನಿಸಬೇಕು. ಟಿವಿಯ ಪಕ್ಕ, ಮಿಕ್ಸರ್ ಗರ್ಜಿಸುವ ಮತ್ತು ಕುಕ್ಕರ್ ಕೂಗುವ ಅಡುಗೆಮನೆ, ಬಾಗಿಲು ಬಡಿಯುವ ಮೊಗಸಾಲೆ ಇವು ಬೇಡ. ಧೂಪ, ಊದುಬತ್ತಿಗಳ ದಟ್ಟ ಹೊಗೆ ಮನುಷ್ಯನಿಗೆ ಆಹ್ಲಾದಕರವಾಗಿದ್ದರೂ ಅಷ್ಟು ಸೂಕ್ಷ್ಮವಾದ ಮೂಗಿಗೆ ಬಾಧೆಯೇ ಸರಿ. ದೇವರ ಕೋಣೆಯಿಂದಲೂ ಪಂಜರ ದೂರವಿರಲಿ. ದೀಪಾವಳಿಯ ದಿನಗಳಲ್ಲಿ ಅದನ್ನು ಬೀದಿಗೆ ದೂರವಾದ ಒಳಕೋಣೆಯಲ್ಲಿಟ್ಟು, ಮುಟ್ಟುವ ಅಭ್ಯಾಸವನ್ನು ಆ ನಾಲ್ಕು ದಿನ ನಿಲ್ಲಿಸುವುದು ಲೇಸು.

ಸುಮಾರು ೧೮ರಿಂದ ೨೪ ಡಿಗ್ರಿ ಸೆಲ್ಸಿಯಸ್ ಶಾಖ ಅದಕ್ಕೆ ಹಿತವಾದುದು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರುಗಳಂಥ ಊರುಗಳಲ್ಲಿ ಕೋಣೆಯನ್ನು ತಂಪಾಗಿಡುವ ಏರ್ಪಾಡಿಲ್ಲದೆ ಈ ಪ್ರಾಣಿಯನ್ನು ತರದಿರುವುದೇ ಮೊದಲನೆಯ ಕರುಣೆ. ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯಂತೂ ಎಲ್ಲಿಯೂ ಸಲ್ಲದು.

ಪಂಜರ ವಿಶಾಲವಾಗಿರಬೇಕು. ಉದ್ದ ೧೦೦ ಸೆಂಟಿಮೀಟರ್, ಅಗಲ ೫೦ ಸೆಂಟಿಮೀಟರ್ ಇದ್ದರೆ ಉತ್ತಮ. ತಳದಲ್ಲಿ ಕನಿಷ್ಠ ೧೫ ಸೆಂಟಿಮೀಟರ್ ಆಳಕ್ಕೆ ಕಾಗದದ ಹಾಸನ್ನು ತುಂಬಿದರೆ ಅದು ಬಿಲ ತೋಡಿಕೊಳ್ಳುತ್ತದೆ. ಅಡಗಲು ಒಂದು ಮನೆ, ಓಡಲು ಸಂದುಗಳಿಲ್ಲದ ಒಂದು ಚಕ್ರ ಇರಲಿ. ಅಡಗುವ ಸ್ಥಳವಿದ್ದರೆ ಪ್ರಾಣಿ ಹೊರಗೆ ಬಾರದೆಂದು ಕೆಲವರು ಅದನ್ನು ತೆಗೆದುಬಿಡುತ್ತಾರೆ. ಆಗುವುದು ಇದಕ್ಕೆ ವಿರುದ್ಧ. ಹಿಂದಿರುಗಿ ಓಡಲು ಮನೆಯಿದೆಯೆಂಬ ಭರವಸೆಯಿದ್ದಾಗಲೇ ಅದು ಹೊರಗೆ ಬರುವ ಧೈರ್ಯ ಮಾಡುತ್ತದೆ. ಒಂದು ಪಂಜರದಲ್ಲಿ ಒಂದೇ ಸಿರಿಯಾದ ಹ್ಯಾಮ್‌ಸ್ಟರ್ ಇರತಕ್ಕದ್ದು. ಒಂಟಿಯಾಗಿ ಬೇಸರವಾದೀತೆಂದು ಜೊತೆಗೊಂದನ್ನು ತಂದರೆ ಅವು ಪ್ರಾಣ ಹೋಗುವವರೆಗೂ ಕಾದಾಡಬಲ್ಲವು.

ಹಂತ ಹಂತವಾಗಿ

ಮನೆಗೆ ತಂದ ಮೊದಲ ಐದಾರು ದಿನ ಯಾರೂ ಅದನ್ನು ಮುಟ್ಟಕೂಡದು. ಕಾಳು ನೀರುಗಳನ್ನು ದಿನವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಹಾಕಲಿ. ಸಂಜೆ ಅದು ಎಚ್ಚರವಾದ ಮೇಲೆ ಮಗು ಪಂಜರದ ಬಳಿ ಕುಳಿತು ತಗ್ಗಿದ ಧ್ವನಿಯಲ್ಲಿ ಶಾಲೆಯ ಪಾಠವನ್ನೋ ಕಥೆಯನ್ನೋ ಓದಲಿ. ಆ ಧ್ವನಿ ಕೇಳಿಸಿದಾಗ ಆಹಾರ ಬರುತ್ತದೆ, ಅಪಾಯ ಬರುವುದಿಲ್ಲ ಎಂಬುದನ್ನು ಅದು ನಿಧಾನವಾಗಿ ಕಲಿಯುತ್ತದೆ. ಸುಗಂಧವಿಲ್ಲದ ಬಿಳಿಯ ಟಿಶ್ಯೂ ಕಾಗದವನ್ನು ಮಗು ಸ್ವಲ್ಪ ಹೊತ್ತು ಅಂಗೈಗಳ ನಡುವೆ ಹಿಡಿದಿದ್ದು, ಚೂರು ಮಾಡಿ ಪಂಜರದೊಳಗೆ ಹಾಕಬಹುದು. ಪ್ರಾಣಿ ಅದನ್ನು ಒಯ್ದು ಗೂಡಿಗೆ ಹಾಸಿಕೊಂಡಾಗ ಮಗುವಿನ ವಾಸನೆಯೂ ಅದರ ಮನೆಯ ವಾಸನೆಗಳಲ್ಲಿ ಒಂದಾಗುತ್ತದೆ. ಹತ್ತಿಯನ್ನು ಮಾತ್ರ ಹಾಕಬಾರದು. ಅದರ ಎಳೆಗಳು ಕಾಲಿಗೆ ಸುತ್ತಿಕೊಂಡು ಅಪಾಯವಾಗುತ್ತದೆ.

ಎರಡನೆಯ ಹಂತದಲ್ಲಿ ಕೈ ಒಳಗೆ ಹೋಗುತ್ತದೆ, ಆದರೆ ಹಿಡಿಯುವುದಿಲ್ಲ. ಮೊದಲು ಸುಗಂಧವಿಲ್ಲದ ಸಾಬೂನಿನಿಂದ ಕೈ ತೊಳೆಯಬೇಕು. ತುಪ್ಪ, ಒಗ್ಗರಣೆ, ಹಣ್ಣುಗಳ ವಾಸನೆಯಿರುವ ಬೆರಳು ಅದಕ್ಕೆ ಬೆರಳಾಗಿ ತೋರದೆ ತಿನಿಸಾಗಿ ತೋರುತ್ತದೆ. ಕಡಿತಗಳಲ್ಲಿ ಎಷ್ಟೋ ಈ ಗೊಂದಲದಿಂದಲೇ ಆಗುವಂಥವು. ಬಳಿಕ ಗೂಡಿನಿಂದ ದೂರದಲ್ಲಿ, ಮೇಲಿನಿಂದ ಎರಗದೆ ಬದಿಯಿಂದ, ಅಂಗೈ ಮೇಲೆ ಮಾಡಿ ಕೈಯನ್ನು ಹಾಸಿನ ಮೇಲೆ ಇಡಬೇಕು. ಅಂಗೈಯಲ್ಲಿ ಒಂದು ಸೂರ್ಯಕಾಂತಿ ಬೀಜವಿರಲಿ. ಐದು ನಿಮಿಷ ಕೈ ಅಲುಗಬಾರದು. ಮೊದಲ ದಿನ ಅದು ಬಾರದೆಯೂ ಇರಬಹುದು. ಎರಡನೆಯ ದಿನ ಬಂದು ಮೂಸಿ ಓಡಬಹುದು. ಮೂರನೆಯ ದಿನ ಬೀಜವನ್ನು ಕಸಿದು ಕೆನ್ನೆಯೊಳಗೆ ತುಂಬಿಕೊಂಡು ಪರಾರಿಯಾಗಬಹುದು. ಇವೆಲ್ಲವೂ ಮುನ್ನಡೆಯೇ. ಬೀಜದಲ್ಲಿ ಕೊಬ್ಬು ಹೆಚ್ಚಾದ್ದರಿಂದ ದಿನಕ್ಕೆ ಒಂದೆರಡು ಸಾಕು.

ಮೂರನೆಯ ಹಂತದಲ್ಲಿ ಬೀಜವನ್ನು ಅಂಗೈಯ ಆಚೆಗೆ, ಮಣಿಕಟ್ಟಿನ ಹತ್ತಿರ ಇಡಬೇಕು. ಈಗ ಅದು ಬೀಜವನ್ನು ಮುಟ್ಟಬೇಕಾದರೆ ಮುಂಗಾಲುಗಳನ್ನು, ಆ ಮೇಲೆ ನಾಲ್ಕೂ ಕಾಲುಗಳನ್ನು ಅಂಗೈಯ ಮೇಲಿಡಬೇಕಾಗುತ್ತದೆ. ಆ ಪುಟ್ಟ ಪಾದಗಳ ಸ್ಪರ್ಶವಾದೊಡನೆ ಬೆರಳುಗಳನ್ನು ಮುಚ್ಚಬೇಕೆಂಬ ಆಸೆ ಯಾವ ಮಗುವಿಗಾದರೂ ಆಗುವುದು ಸಹಜ. ಅಲ್ಲಿಯೇ ತಾಯಿ ತಂದೆಯರ ಮಾತು ಬೇಕಾಗುವುದು. ಬೆರಳು ಮುಚ್ಚಿದರೆ ಹತ್ತು ದಿನಗಳಲ್ಲಿ ಗಳಿಸಿದುದು ಒಂದು ಕ್ಷಣದಲ್ಲಿ ಹೋಗುತ್ತದೆ. ತಾನು ಬಂದಂತೆಯೇ ಹಿಂದಿರುಗಿ ಹೋಗಬಲ್ಲೆನೆಂದು ಕಂಡುಕೊಂಡ ಪ್ರಾಣಿ ನಾಳೆ ಮತ್ತೆ ಬರುತ್ತದೆ.

ಅಂಗೈಯ ಮೇಲೆ ನೆಮ್ಮದಿಯಾಗಿ ಕುಳಿತು ತಿನ್ನುವ ದಿನ ಬಂದಾಗ ನಾಲ್ಕನೆಯ ಹಂತ. ಇನ್ನೊಂದು ಕೈಯನ್ನು ಬದಿಯಿಂದ ತಂದು ಬೊಗಸೆಯಂತೆ ಮಾಡಿ, ಹಾಸಿನಿಂದ ಎರಡು ಅಂಗುಲ ಮಾತ್ರ ಎತ್ತಿ, ಕೂಡಲೇ ಇಳಿಸಬೇಕು. ದಿನದಿನಕ್ಕೆ ಹೊತ್ತನ್ನೂ ಎತ್ತರವನ್ನೂ ಸ್ವಲ್ಪವಾಗಿ ಹೆಚ್ಚಿಸಬಹುದು. ಮೈ ಸವರುವುದಾದರೆ ಬೆನ್ನಿನ ಮೇಲೆ, ರೋಮ ಮಲಗಿದ ದಿಕ್ಕಿನಲ್ಲಿ, ಒಂದೇ ಬೆರಳಿನಿಂದ. ತಲೆಯನ್ನೂ ಹೊಟ್ಟೆಯನ್ನೂ ಮುಟ್ಟುವ ಆತುರ ಬೇಡ.

ಐದನೆಯದಾಗಿ ಪಂಜರದ ಹೊರಗಿನ ಒಡನಾಟ. ಮಗು ನೆಲದ ಮೇಲೆ ಕುಳಿತೇ ಅದನ್ನು ಹಿಡಿಯಬೇಕು. ನಿಂತುಕೊಂಡು ಎಂದಿಗೂ ಕೂಡದು. ಮಗುವಿನ ಎದೆಯೆತ್ತರದಿಂದ ಬಿದ್ದರೂ ಅದರ ಕಾಲೋ ಬೆನ್ನುಮೂಳೆಯೋ ಮುರಿಯುವ ಸಂಭವವಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ಅನುಕೂಲವಾದ ಜಾಗ ಬಚ್ಚಲುಮನೆಯ ಒಣಗಿದ ನೆಲ. ನೀರು ಹರಿದುಹೋಗುವ ಕಂಡಿಯನ್ನು ಭದ್ರವಾಗಿ ಮುಚ್ಚಿ, ನೀರು ತುಂಬಿದ ಬಕೆಟ್, ಸಾಬೂನುಗಳನ್ನು ಹೊರಗಿಟ್ಟು, ಬಾಗಿಲಿನ ಸಂದಿಗೆ ಬಟ್ಟೆ ಒತ್ತಿ, ಮಗು ಕಾಲು ಚಾಚಿ ಕುಳಿತರೆ ಪ್ರಾಣಿ ಸುತ್ತಲೂ ತಿರುಗಿ, ಕೊನೆಗೆ ಮಡಿಲನ್ನೇ ಏರುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಒಂದು ಕೈಯಿಂದ ಇನ್ನೊಂದು ಕೈಗೆ ಅದು ನಡೆದು ಹೋಗುವಂತೆ ಕೈಗಳನ್ನು ಒಂದರ ಮುಂದೊಂದು ಇಡುತ್ತ ಹೋಗುವುದು ಎರಡು ಜೀವಗಳಿಗೂ ಪ್ರಿಯವಾದ ಆಟ.

ಈ ನಡುವೆ ಪಂಜರ ಶುಚಿಮಾಡಲು ಪ್ರಾಣಿಯನ್ನು ತೆಗೆಯಬೇಕಾದರೆ ಬೆನ್ನಟ್ಟಿ ಹಿಡಿಯಬಾರದು. ಅಗಲ ಬಾಯಿಯ ಒಂದು ಲೋಟವನ್ನೋ ರಟ್ಟಿನ ಕೊಳವೆಯನ್ನೋ ಅದರ ಮುಂದಿಟ್ಟರೆ ತಾನಾಗಿ ಒಳಹೊಗುತ್ತದೆ. ಎರಡೂ ಬದಿಗೆ ಕೈಯೊಡ್ಡಿ ಸಾಗಿಸಬಹುದು. ಹಳೆಯ ಹಾಸಿನಲ್ಲಿ ಒಂದು ಪಾಲನ್ನು ಉಳಿಸಿ ಹೊಸದರೊಡನೆ ಬೆರೆಸಿದರೆ ಮನೆಯ ವಾಸನೆ ಪೂರ್ತಿಯಾಗಿ ಅಳಿಯದೆ, ಪ್ರಾಣಿ ಕಂಗಾಲಾಗುವುದಿಲ್ಲ.

ಇಷ್ಟಕ್ಕೆ ಎಷ್ಟು ದಿನ ಬೇಕು? ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಎರಡು ತಿಂಗಳು. ಗಾತ್ರದಲ್ಲಿ ಇನ್ನೂ ಕಿರಿದಾದ ಕುಬ್ಜ ಜಾತಿಗಳು ಚುರುಕಾಗಿದ್ದು ಕೈಯಿಂದ ಬೇಗ ಜಾರುತ್ತವೆ; ಅವಕ್ಕೆ ಇನ್ನಷ್ಟು ಕಾಲ ಬೇಕು. ಯಾವುದೇ ಹಂತದಲ್ಲಿ ಪ್ರಾಣಿ ಹೆದರಿದರೆ ಅದರ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ಅಲ್ಲಿಯೇ ನಿಲ್ಲಬೇಕು.

ಕಚ್ಚಿದಾಗ

ಎಷ್ಟೇ ಎಚ್ಚರ ವಹಿಸಿದರೂ ಒಮ್ಮೆಯಾದರೂ ಕಚ್ಚಬಹುದು. ಆಗ ಕೈ ಕೊಡವಿದರೆ ಪ್ರಾಣಿ ದೂರ ಹೋಗಿ ಬಿದ್ದು ಸಾಯುವ ಭಯವಿದೆ. ಕೈಯನ್ನು ಹಾಸಿನ ಮೇಲಕ್ಕೆ ಇಳಿಸಿದರೆ ಅದು ತಾನೇ ಬಿಟ್ಟು ಸರಿಯುತ್ತದೆ. ಗದರುವುದು, ಮುಖಕ್ಕೆ ಊದುವುದು, ಮೂಗಿಗೆ ತಟ್ಟುವುದು ಇವುಗಳಿಂದ ಯಾವ ಫಲವೂ ಇಲ್ಲ. ತನ್ನ ತಪ್ಪಿಗೆ ಈ ಶಿಕ್ಷೆಯೆಂದು ಅದು ತಿಳಿಯಲಾರದು. ಕೈಯೆಂದರೆ ಭಯಪಡಬೇಕಾದ ವಸ್ತುವೆಂಬ ಅದರ ಹಳೆಯ ನಂಬಿಕೆ ಗಟ್ಟಿಯಾಗುವುದಷ್ಟೇ. ದಪ್ಪ ಕೈಚೀಲ ತೊಟ್ಟು ಹಿಡಿಯುವವರಿದ್ದಾರೆ. ಆಗ ಹಿಡಿತ ಎಷ್ಟು ಬಿಗಿಯಾಯಿತೆಂಬುದು ಬೆರಳಿಗೆ ತಿಳಿಯುವುದಿಲ್ಲ. ಕುತ್ತಿಗೆಯ ಸಡಿಲ ಚರ್ಮವನ್ನು ಹಿಡಿದೆತ್ತುವ ಕ್ರಮವನ್ನಂತೂ ಪಶುವೈದ್ಯರಿಗೇ ಬಿಡಬೇಕು.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆದು, ವೈದ್ಯರಿಗೆ ತೋರಿಸಿ, ಧನುರ್ವಾಯುವಿನ ಚುಚ್ಚುಮದ್ದು ಮುಂತಾದುವನ್ನು ಕುರಿತು ಅವರ ಸಲಹೆ ಪಡೆಯತಕ್ಕದ್ದು. ಅಪರೂಪವಾಗಿ ಕೆಲವರಿಗೆ ಹ್ಯಾಮ್‌ಸ್ಟರಿನ ಕಡಿತ ಒಗ್ಗದೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಕಾಣಿಸಿಕೊಳ್ಳುವುದುಂಟು. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಳಗಿದ ಪ್ರಾಣಿ ಒಮ್ಮೆಲೇ ಕಚ್ಚತೊಡಗಿದರೆ ಅದರ ಆರೋಗ್ಯವನ್ನು ವಿಚಾರಿಸಬೇಕು. ಅದರ ಮುಂಬಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಸವೆಯದೆ ಉದ್ದವಾದರೆ ತಿನ್ನಲಾರದೆ ನೋವುಣ್ಣುತ್ತದೆ. ಗಾಯ, ಗಡ್ಡೆ, ಮುಪ್ಪು ಇವೂ ಕಾರಣವಾಗಬಹುದು. ಅಂಗಡಿಯಲ್ಲಿಯೇ ಗರ್ಭ ಧರಿಸಿ ಬಂದ ಹೆಣ್ಣೂ ಇರಬಹುದು. ಅದರ ಗರ್ಭದ ಅವಧಿ ೧೬ ದಿನಗಳಷ್ಟೇ. ಮರಿ ಹಾಕಿದರೆ ಎರಡು ವಾರ ಗೂಡಿನ ಕಡೆಗೆ ಕೈಯೇ ಹೋಗಬಾರದು. ಅಲೆಪ್ಪೊದ ಆ ತಾಯಿಯ ಕಥೆ ನಮ್ಮ ಮನೆಯಲ್ಲಿಯೂ ನಡೆಯಲು ತಡವಿಲ್ಲ.

ಹಿರಿಯರ ಹೊಣೆ

ಪ್ರಾಣಿಯನ್ನು ಮಗುವಿಗೆಂದು ತಂದರೂ ಅದರ ಹೊಣೆ ಹಿರಿಯರದೇ. ಐದು ವರ್ಷದೊಳಗಿನ ಮಕ್ಕಳ ಕೈಗೆ ಅದನ್ನು ಕೊಡದಿರುವುದು ಮೇಲು. ಅವರು ನೋಡಿ ಸಂತೋಷಪಡಲಿ. ಅದಕ್ಕಿಂತ ದೊಡ್ಡವರೂ ಹಿರಿಯರು ಎದುರಿಗಿದ್ದಾಗಲೇ ಹಿಡಿಯಲಿ. ಮುಟ್ಟಿದ ಮೇಲೆ ಕೈ ತೊಳೆಯುವುದು ಕಟ್ಟುನಿಟ್ಟಿನ ನಿಯಮವಾಗಲಿ. ಮನೆಯಲ್ಲಿ ಬಸುರಿಯರಿದ್ದರೆ ಅವರು ಪ್ರಾಣಿಯನ್ನು ಮುಟ್ಟುವುದಾಗಲಿ ಪಂಜರವನ್ನು ಶುಚಿಗೊಳಿಸುವುದಾಗಲಿ ಸರ್ವಥಾ ಬೇಡ. ಇಂಥ ಪ್ರಾಣಿಗಳಿಂದ ಅಪರೂಪವಾಗಿ ಹರಡುವ ಒಂದು ವೈರಾಣು ಗರ್ಭದಲ್ಲಿರುವ ಶಿಶುವಿಗೆ ಮಾರಕವಾಗಬಲ್ಲದು. ಬಂದ ಅತಿಥಿಗಳಿಗೆ ತೋರಿಸಲೆಂದು ಹಗಲಿನಲ್ಲಿ ಮಲಗಿದ ಪ್ರಾಣಿಯನ್ನು ಎಬ್ಬಿಸುವುದನ್ನೂ ನಿಲ್ಲಿಸಬೇಕು. ನಡುರಾತ್ರಿಯಲ್ಲಿ ನಮ್ಮನ್ನು ಯಾರಾದರೂ ಹಾಸಿಗೆಯಿಂದ ಎತ್ತಿ ಹತ್ತು ಜನರ ನಡುವೆ ನಿಲ್ಲಿಸಿದರೆ ನಾವೂ ಸೌಮ್ಯವಾಗಿರಲಾರೆವು.

ಕೊನೆಯದಾಗಿ ಒಂದು ಮಾತನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಎಲ್ಲ ಕ್ರಮಗಳನ್ನೂ ಪಾಲಿಸಿದ ಮೇಲೆಯೂ ಕೆಲವು ಹ್ಯಾಮ್‌ಸ್ಟರುಗಳು ಕೈಗೆ ಬರುವುದನ್ನು ಇಷ್ಟಪಡುವುದಿಲ್ಲ. ಅಂಗೈಯಿಂದ ಕಾಳು ತೆಗೆದುಕೊಳ್ಳುತ್ತವೆ, ಧ್ವನಿ ಕೇಳಿ ಹೊರಗೆ ಬರುತ್ತವೆ, ಆದರೆ ಎತ್ತಿಕೊಳ್ಳಲು ಒಪ್ಪುವುದಿಲ್ಲ. ಅಂಥ ಪ್ರಾಣಿಯನ್ನು ಅಲ್ಲಿಗೇ ಬಿಡಬೇಕು. ಅದು ಬಿಲ ತೋಡುವುದನ್ನು, ಕೆನ್ನೆ ತುಂಬಿಕೊಳ್ಳುವುದನ್ನು, ಚಕ್ರದಲ್ಲಿ ಓಡುವುದನ್ನು ದೂರದಿಂದ ನೋಡುವುದೂ ಸ್ನೇಹವೇ. ತನಗಿಷ್ಟವಾದುದೆಲ್ಲ ತನ್ನ ಹಿಡಿತಕ್ಕೆ ಸಿಗಲೇಬೇಕು ಎಂಬ ಹಟ ಬಾಲ್ಯದಲ್ಲಿ ಸಡಿಲವಾದರೆ ಮುಂದೆ ಅದು ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ, ಅತ್ತೆಸೊಸೆಯರ ನಡುವೆ ಸಂಸಾರದ ನೆಮ್ಮದಿಯಾಗಿ ಫಲಿಸುತ್ತದೆ.

ಈಗಾಗಲೇ ಹ್ಯಾಮ್‌ಸ್ಟರನ್ನು ತಂದು, ಕಚ್ಚಿತೆಂದು ದೂರವಿಟ್ಟಿರುವ ಮನೆಗಳಿದ್ದರೆ ಅವರು ಬೇಸರಪಡಬೇಕಾಗಿಲ್ಲ. ಇಂದು ಸಂಜೆಯೇ ಪಂಜರವನ್ನು ಬಾಲ್ಕನಿಯಿಂದ ಒಳಕ್ಕೆ ತಂದು, ಶಾಂತವಾದ ಕೋಣೆಯಲ್ಲಿಟ್ಟು, ಹೊಸದಾಗಿ ತಂದ ಪ್ರಾಣಿಯೆಂದೇ ಭಾವಿಸಿ ಮೊದಲ ಹಂತದಿಂದ ಆರಂಭಿಸಲಿ. ಐದಾರು ದಿನ ಮುಟ್ಟದಿರಲಿ, ದಿನವೂ ಅದೇ ಹೊತ್ತಿಗೆ ಬಳಿಯಲ್ಲಿ ಕುಳಿತು ಮಾತನಾಡಲಿ. ಅದರ ಬಳಿ ಇರುವ ಕಾಲ ಬಹಳ ಕಡಿಮೆ. ಕಾಯುವ ಕೆಲಸ ನಮ್ಮದಾಗಲಿ.